ಸೇವೆಯ ಹೆಸರಿನಲ್ಲಿ ಬಿಟ್ಟಿ ಚಾಕರಿ

2020ರ ಮೇ 3ರಂದು ಸರಕಾರವು ಆಕಾಶದಿಂದ ಆಸ್ಪತ್ರೆಗಳ ಮೇಲೆ ಹೂಮಳೆ ಸುರಿಸಿತು. ಸರಿಯಾಗಿ ಒಂದು ವರ್ಷಕ್ಕೆ, 2021ರ ಮೇ 3ರಂದು, ಅದೇ ಸರಕಾರಕ್ಕೆ ಆಸ್ಪತ್ರೆಗಳಲ್ಲಿ ಆಳು ಸಾಲದೆಂಬುದು ನೆನಪಾಯಿತು! ಕೊನೆಯ ಪರೀಕ್ಷೆಗೆ ಕಾದು ಕುಳಿತಿದ್ದ ಜಿ.ಎನ್.ಎಂ., ಬಿ.ಎಸ್‌ಸಿ. ನರ್ಸಿಂಗ್ ವಿದ್ಯಾರ್ಥಿಗಳನ್ನು ಕೋವಿಡ್ ವಾರ್ಡುಗಳಲ್ಲಿ ಪೂರ್ಣಾವಧಿ ಹಚ್ಚಬಹುದೆಂದು ದಿಲ್ಲಿಯಿಂದ ಪ್ರಕಟಣೆ ಹೊರಟಿತು. ಸರಕಾರಿ ಆಸ್ಪತ್ರೆಗಳಲ್ಲಿ ಮಾತ್ರವಲ್ಲ, ಖಾಸಗಿ ಆಸ್ಪತ್ರೆಗಳಲ್ಲಿಯೂ. ಈ ಕೊನೆಯ ಮಾತನ್ನು ಓದುಗರು ಎರಡು ಸಲ ಓದಬೇಕು.

100 ದಿನ ದುಡಿದವರಿಗೆ ಮುಂದೆ ಸರಕಾರಿ ನೇಮಕದಲ್ಲಿ ಆದ್ಯತೆಯಂತೆ, ಜೊತೆಗೊಂದು ‘ರಾಷ್ಟ್ರೀಯ ಸೇವಾ ಸಮ್ಮಾನ’ವಂತೆ. ಸಂಬಳವೆಷ್ಟು? ಅದನ್ನು ರಾಜ್ಯಗಳು ನೋಡಿಕೊಳ್ಳಲಿ; ಗೌರವಧನವನ್ನೂ ಪರಿಶೀಲಿಸಬಹುದು. ನಮ್ಮ ಪೇಟೆಯ ಕಿರಾಣಿ ಅಂಗಡಿಯವರನ್ನೇ ಕೇಳುತ್ತೇವೆ: ವಾಯಿದೆ ಕಾಣದ ಇಂಥ ಹುಂಡಿಯನ್ನು ನಂಬಿ ನೀವು 100 ದಿನದ ಸರಕನ್ನು ಉದ್ದರಿ ಕೊಡುವಿರಾ?

ಗಿರಣಿಯ ಬಂಧುಗಳಿಗೆ ಇದು ಹೊಸ ಕಥೆಯಲ್ಲ. ಬದಲಿ ಆಳಿನಿಂದ ಖಾಯಂ ಆಳಿನ ಕೆಲಸ ತೆಗೆದು, ಖಾಯಂ ಪಟ್ಟಿಯಲ್ಲಿ ಅವನ ಹೆಸರು ಬರದಂತೆ ನೋಡಿಕೊಳ್ಳುವ ವಿದ್ಯೆ ಧಣಿಗಳಿಗೆ ಹಿಂದಿನಿಂದಲೂ ಕರಗತ. 2020ರ ಜುಲೈಯಲ್ಲಿ ನಮ್ಮ ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಕೇಳಿ ಮುಷ್ಕರ ಹೂಡಬೇಕಾಯಿತು. ಅವರನ್ನೂ ಸರಕಾರ ನೌಕರರೆನ್ನುವುದಿಲ್ಲ, ಸ್ವಯಂಸೇವಕಿಯರೆನ್ನುತ್ತದೆ.

ವಿದ್ಯಾರ್ಥಿನಿಯರು ಹೆದರಿ ಹಿಂಜರಿದರೆನ್ನುವವರಿದ್ದಾರೆ. ಇದು ಅನ್ಯಾಯದ ಮಾತು. ರೋಗಿಯ ಬಳಿ ನಿಲ್ಲಲೆಂದೇ ಈ ಓದಿಗೆ ಬಂದವರು ಅವರು. ಅವರ ಪ್ರಶ್ನೆಗಳು ಬೇರೆ. ರಕ್ಷಣಾ ಉಡುಪನ್ನು ತೊಡುವುದಕ್ಕಿಂತ ಕಳಚುವಾಗಲೇ ಅಪಾಯ ಹೆಚ್ಚು, ಅದನ್ನು ಕಲಿಸುವವರಾರು? ರಾತ್ರಿಪಾಳಿಯಲ್ಲಿ ರೋಗಿಯ ಉಸಿರು ಸಿಕ್ಕಿಕೊಂಡಾಗ ಕೂಗಿದರೆ ಓಡಿಬರಲು ಹಿರಿಯ ನರ್ಸು ಇರುತ್ತಾರೆಯೇ? ಹಾಸ್ಟೆಲಿನ ಒಂದೇ ಕೋಣೆಯಲ್ಲಿ ನಾಲ್ವರು ಮಲಗುವಾಗ ಸೋಂಕು ತಗಲಿದವಳನ್ನು ಎಲ್ಲಿ ಇಡುವಿರಿ? ದುಡಿದ ತಾಸುಗಳು ತರಬೇತಿಯ ಲೆಕ್ಕಕ್ಕೆ ಬರುವುವೋ, ಅಥವಾ ಕಾಲೇಜಿಗೆ ಶುಲ್ಕ ಕಟ್ಟಿ, ವಾರ್ಡಿನಲ್ಲಿ ದುಡಿದು, ಆ ತಾಸುಗಳನ್ನು ಮತ್ತೊಮ್ಮೆ ತುಂಬಿಕೊಡಬೇಕೋ? 50 ಲಕ್ಷದ ವಿಮೆ ಇತ್ತಲ್ಲ ಎನ್ನಬಹುದು. ಇತ್ತು, ಸತ್ತರೆ! ಹದಿನೈದು ದಿನ ಜ್ವರದಲ್ಲಿ ಮಲಗೆದ್ದವಳಿಗೆ ಅದರಿಂದ ಮೂರು ಕಾಸೂ ಇಲ್ಲ.

ಇನ್ನು ‘ಸ್ವಇಚ್ಛೆ’ಯ ಮಾತು. ಹಾಜರಿಯನ್ನೂ ಆಂತರಿಕ ಅಂಕಗಳನ್ನೂ ಕೈಯಲ್ಲಿಟ್ಟುಕೊಂಡವರು ‘ಇಷ್ಟವಿದ್ದರೆ ಬನ್ನಿ’ ಎಂದರೆ, ಒಲ್ಲೆ ಎನ್ನುವ ಧೈರ್ಯ ಯಾವ ಹುಡುಗಿಗಿದ್ದೀತು?

ಬ್ರಿಟನ್ನಿನಲ್ಲಿ 2020ರಲ್ಲಿ ಕೊನೆಯ ವರ್ಷದ ವಿದ್ಯಾರ್ಥಿಗಳನ್ನು ಕರೆದಾಗ ಒಪ್ಪಿಗೆ ಕೇಳಿದರು, ಸಂಬಳ ಕೊಟ್ಟರು, ಆ ತಾಸುಗಳನ್ನು ತರಬೇತಿಯೊಳಗೇ ಹಿಡಿದರು. (ಇಂಗ್ಲೆಂಡಿನಲ್ಲಿ ಶುಲ್ಕ ಮಾತ್ರ ಬಿಡಲಿಲ್ಲ, ಆ ಸರಕಾರವನ್ನು ಹೊಗಳುವ ಗರಜು ನಮಗಿಲ್ಲ.) ಅಲ್ಲಿ ಸಾಧ್ಯವಾದುದು ಇಲ್ಲಿ ಏಕಾಗದು?

ಮುಂದಿನ ಪಿಡುಗು ಬರುವ ಮೊದಲೇ ಆರೋಗ್ಯ ಇಲಾಖೆಯು ಕೂಲಿಯೆಷ್ಟು, ಪಾಳಿಯೆಷ್ಟು ತಾಸಿನದು, ಕಾಯಿಲೆ ಬಿದ್ದರೆ ಖರ್ಚು ಯಾರದು, ಒಲ್ಲೆ ಎಂದವರ ಅಂಕಕ್ಕೆ ಕೈ ಹಚ್ಚುವುದಿಲ್ಲವೆಂಬ ಖಾತರಿಯೇನು, ಎಂಬುದನ್ನು ಕಾಗದದ ಮೇಲೆ ಬರೆದಿಡಲಿ. ಬರೆಯುವಾಗ ವಿದ್ಯಾರ್ಥಿನಿಯರನ್ನೂ ಎದುರಿಗೆ ಕೂಡಿಸಿಕೊಳ್ಳಲಿ.