ಕಾವಲಿಯ ಸ್ನೇಹ

ಸಂಸ್ಕೃತದಲ್ಲಿ ಎಣ್ಣೆಗೂ ಅಕ್ಕರೆಗೂ ಸ್ನೇಹವೆಂಬುದೊಂದೇ ಹೆಸರು. ಹಿಟ್ಟನ್ನು ಮುದ್ದೆಗಟ್ಟಿಸುವ ಗುಣವನ್ನೂ ತಾರ್ಕಿಕರು ಸ್ನೇಹವೆಂದೇ ಕರೆದರು. ಕೂಡಿಸುವುದು ಸ್ನೇಹದ ಧರ್ಮವಾದರೆ, ಎಣ್ಣೆ ಸವರಿದ ಕಾವಲಿಯಿಂದ ದೋಸೆಯು ಬಿಟ್ಟುಬರುವುದೇಕೆ?

ಕಳೆದ ಮಾಸ ಪಂಚಲಿಂಗೇಶ್ವರನ ದರ್ಶನಕ್ಕೆಂದು ಕೃಷ್ಣರಾಜಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಗೆ ಹೋಗಿದ್ದೆವು. ಅಲ್ಲಿ ಪರಿಚಿತರೊಬ್ಬರ ಮನೆಯಲ್ಲಿ ಇದೇ ವಿಚಾರವು ಬಂದಿತು. ಅತ್ತೆಯವರು ಹಳೆಯ ಕಬ್ಬಿಣದ ಕಾವಲಿಯನ್ನು ಬಿಡಲೊಲ್ಲರು. ಸೊಸೆಯು ತಂದ ನಾನ್‌ಸ್ಟಿಕ್ ಕಾವಲಿಯ ಲೇಪವು ಅಲ್ಲಲ್ಲಿ ಎದ್ದಿದ್ದಿತು. "ಈ ಚೂರು ಮಕ್ಕಳ ಹೊಟ್ಟೆಗೆ ಹೋದರೆ ವಿಷವಲ್ಲವೇ, ಮೇಷ್ಟ್ರೇ?" ಎಂದು ಆಕೆ ಕೇಳಿದಳು.

ಕಬ್ಬಿಣದ ಮೈ ಕಣ್ಣಿಗೆ ನುಣುಪಾಗಿ ತೋರಿದರೂ ಅದರ ತುಂಬ ಸೂಕ್ಷ್ಮವಾದ ಕುಳಿಗಳುಂಟು. ಹಿಟ್ಟು ಅವುಗಳೊಳಗಿಳಿದು, ಕಾವಿಗೆ ಗಟ್ಟಿಯಾಗಿ, ಲೋಹವನ್ನು ಕಚ್ಚಿಕೊಳ್ಳುವುದು. ಎಣ್ಣೆಯನ್ನು ತೆಳುವಾಗಿ ಸವರಿ ಚೆನ್ನಾಗಿ ಕಾಯಿಸಿದರೆ, ಗಾಳಿಯ ಆಮ್ಲಜನಕದ ಸಹಾಯದಿಂದ ಎಣ್ಣೆಯ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಕರಿಯ ಪೊರೆಯಾಗುವುವು. ಕಾವಲಿ ಪಳಗುವುದೆಂದರೆ ಇದೇ. ಸ್ನೇಹವು ತನ್ನ ಧರ್ಮವನ್ನು ಬಿಟ್ಟಿಲ್ಲ. ಅದು ಕಬ್ಬಿಣವನ್ನು ಕೂಡಿದುದರಿಂದಲೇ ದೋಸೆಯು ಬಿಡುವುದು.

ಹೊಸ ಕಾವಲಿಯ ಲೇಪವಾದ ಟೆಫ್ಲಾನು 1938ರಲ್ಲಿ ಅಮೆರಿಕಾ ದೇಶದ ರಾಯ್ ಪ್ಲಂಕೆಟ್ ಎಂಬ ರಸಾಯನಶಾಸ್ತ್ರಜ್ಞರಿಗೆ ಅಕಸ್ಮಾತ್ತಾಗಿ ದೊರೆಯಿತು. ಅದರಲ್ಲಿ ಇಂಗಾಲದ ಸರಪಳಿಯನ್ನು ಫ್ಲೋರಿನ್ ಪರಮಾಣುಗಳು ಕವಚದಂತೆ ಸುತ್ತಿರುವುದರಿಂದ ಅದು ಬೇರೆ ವಸ್ತುವಿನೊಡನೆ ಸೇರಲೊಲ್ಲದು. ಅಂಟದ ಇಂತಹ ವಸ್ತುವನ್ನು ಪಾತ್ರೆಗೆ ಅಂಟಿಸುವುದೆಂತು? 1954ರಲ್ಲಿ ಫ್ರಾನ್ಸಿನ ಮಾರ್ಕ್ ಗ್ರೆಗ್ವಾರ್ ಎಂಬವರು ಅಲ್ಯುಮಿನಿಯಮ್ಮಿನ ಮೈಯನ್ನು ಒರಟುಗೊಳಿಸಿ ಲೇಪವು ಅಲ್ಲಿ ಕಚ್ಚಿಕೊಳ್ಳುವಂತೆ ಮಾಡಿದರು.

ಇನ್ನು ಸೊಸೆಯ ಪ್ರಶ್ನೆ. ಯಾವುದರೊಡನೆಯೂ ಸೇರದ ಆ ಚೂರು ದೇಹದೊಡನೆಯೂ ಸೇರದೆ ಹೊರಬೀಳುವುದು. ನಿಜವಾದ ಭಯವು ಅತಿಯಾದ ಕಾವಿನಲ್ಲಿದೆ. 260 ಡಿಗ್ರಿ ಸೆಲ್ಸಿಯಸ್ಸಿನವರೆಗೆ ಲೇಪವು ತಾಳುವುದು. ಸುಮಾರು 350 ಡಿಗ್ರಿ ದಾಟಿದರೆ ಒಡೆದು ವಿಷದ ಹೊಗೆಯನ್ನು ಬಿಡುವುದು. ಆ ಹೊಗೆಯಿಂದ ಮನುಷ್ಯರಿಗೆ ಜ್ವರದಂತಹ ಬಾಧೆಯುಂಟಾಗುವುದು, ಪಂಜರದ ಗಿಳಿಗಳು ಸತ್ತುದೂ ಉಂಟು. ಬರಿಯ ಪಾತ್ರೆಯನ್ನು ದೊಡ್ಡ ಉರಿಯ ಮೇಲೆ ಮರೆತರೆ ಅಷ್ಟು ಕಾವೇರಲು ಕೆಲವೇ ನಿಮಿಷ ಸಾಕು. ಲೇಪದ ತಯಾರಿಕೆಯಲ್ಲಿ ಹಿಂದೆ ಬಳಸುತ್ತಿದ್ದ ಒಂದು ಹಾನಿಕರವಾದ ಆಮ್ಲವನ್ನಂತೂ 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧಪಟ್ಟಿಗೆ ಸೇರಿಸಲಾಯಿತು.

ಆದುದರಿಂದ ಹೊಸ ಕಾವಲಿಗೆ ಸಣ್ಣ ಉರಿ, ಮರದ ಸಟ್ಟುಗ, ಬರಿದೆ ಕಾಯಿಸಲಾಗದು. ಲೇಪವೆದ್ದರೆ ಮನೆಯಲ್ಲಿ ಸರಿಪಡಿಸುವ ಉಪಾಯವಿಲ್ಲ, ಬಿಟ್ಟುಬಿಡುವುದೇ ಲೇಸು. ಹಳೆಯದನ್ನು ಹುಣಸೆಹಣ್ಣಿನಿಂದ ಉಜ್ಜಬಾರದು, ಹುಳಿಯು ಪೊರೆಯನ್ನು ತಿನ್ನುವುದು. ಹಾಗೆ ಪೊರೆ ಹೋದರೂ ಚಿಂತೆಯಿಲ್ಲ: ಎಣ್ಣೆ ಸವರಿ ಕಾಯಿಸಿದರೆ ಮತ್ತೆ ಬರುವುದು.

ಇದನ್ನು ಕೇಳಿ ಅತ್ತೆಯವರು ಒಲೆಯತ್ತ ನೋಡಿ ನಕ್ಕರು. ಸೊಸೆಯು ಮಾತನಾಡದೆ ಎಣ್ಣೆಯ ಗಿಂಡಿಯನ್ನು ತಂದು ಹಳೆಯ ಕಾವಲಿಯ ಪಕ್ಕದಲ್ಲಿರಿಸಿದಳು.