ಹಳೆಯ ಕಂಪ್ಯೂಟರಿನ ‘ಸಿಸ್ಟಮ್ ರಿಸ್ಟೋರ್’ ತೆಗೆಯುವ ವಿಚಾರ

ವಾಚಕ ಮಹಾಶಯರೊಬ್ಬರು ನಮಗೆ ಕಾಗದ ಬರೆದು, ತಮ್ಮ ಮನೆಯಲ್ಲಿ ಇನ್ನೂ ಉಳಿದಿರುವ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರಿನಲ್ಲಿ ಸ್ಥಳ ಸಾಲದೆ ಬಂದಿರುವುದರಿಂದ, ಅದರೊಳಗಿನ ‘ಸಿಸ್ಟಮ್ ರಿಸ್ಟೋರ್’ ಎಂಬ ಏರ್ಪಾಡನ್ನು ತೆಗೆದುಹಾಕಬಹುದೇ ಎಂದು ಕೇಳಿರುವರು. ತೆಗೆಯಬಹುದು. ಆದರೆ ನಾವೇ ಒಮ್ಮೆ ಹಾಗೆ ಮಾಡಿ ಪಶ್ಚಾತ್ತಾಪಪಟ್ಟವರಾದುದರಿಂದ, ಉತ್ತರವನ್ನು ಒಂದು ಮಾತಿನಲ್ಲಿ ಮುಗಿಸಲಾರೆವು.

ಈ ಏರ್ಪಾಡು ಮೊದಲು ಕಾಣಿಸಿಕೊಂಡುದು 2000ನೆಯ ಇಸವಿಯ ವಿಂಡೋಸ್ ಎಂಇಯಲ್ಲಿ. 2001ರ ಎಕ್ಸ್‌ಪಿಯೊಡನೆ ಅದು ಬಹುಜನರ ಮನೆಗೆ ಬಂದಿತು. ಯಂತ್ರದ ಮುಖ್ಯ ಫೈಲುಗಳೂ ರಿಜಿಸ್ಟ್ರಿಯೆಂಬ ಅದರ ಲೆಕ್ಕದ ಪುಸ್ತಕವೂ ಇಂತಹ ದಿನ ಹೀಗಿದ್ದವು ಎಂದು ಅದು ಆಗಾಗ್ಗೆ ಗುರುತು ಇಟ್ಟುಕೊಳ್ಳುವುದು. ಹೊಸದೇನನ್ನೋ ಹಾಕಿ ಯಂತ್ರ ಕೆಟ್ಟರೆ ಆ ಗುರುತಿಗೆ ಹಿಂದಿರುಗಬಹುದು. ಇದಕ್ಕಾಗಿ ಅದು ಡಿಸ್ಕಿನಲ್ಲಿ ನೂರಕ್ಕೆ 12 ಪಾಲಿನವರೆಗೂ ಆಕ್ರಮಿಸಬಲ್ಲದು. 40 ಗಿಗಾಬೈಟಿನ ಡಿಸ್ಕಿನಲ್ಲಿ ಇದು ಸುಮಾರು 5 ಗಿಗಾಬೈಟಾಯಿತು. ನಾವು ಬರೆದಿಟ್ಟ ಪತ್ರ, ಲೆಕ್ಕ, ಹಾಡು, ಪದ್ಯ ಮಾತ್ರ ಅದರ ರಕ್ಷಣೆಗೆ ಒಳಪಟ್ಟವಲ್ಲ. ಈ ಸಂಗತಿ ನಮಗೆ ಆಗ ತಿಳಿದಿರಲಿಲ್ಲ.

2006ರಲ್ಲಿ ನಮ್ಮ ಮನೆಯ ಕಂಪ್ಯೂಟರಿಗೆ ವೈರಸ್ ತಗುಲಿತು. ತೊಳೆದಷ್ಟೂ ಮತ್ತೆ ಎಚ್ಚರಿಕೆ ಬರುತ್ತಲೇ ಇತ್ತು. ಗುರುತುಗಳನ್ನಿಡುವ ‘ಸಿಸ್ಟಮ್ ವಾಲ್ಯೂಮ್ ಇನ್‌ಫರ್ಮೇಶನ್’ ಎಂಬ ಕೋಣೆಗೆ ಅನ್ಯರಿಗೆ ಪ್ರವೇಶವಿಲ್ಲ. ವೈರಸ್ಸಿನ ಪ್ರತಿಯೊಂದು ಅಲ್ಲಿಯೇ ಅಡಗಿತ್ತು. ರಿಸ್ಟೋರನ್ನು ನಿಲ್ಲಿಸಿ ತೊಳೆಯಬೇಕೆಂದು ತಿಳಿದವರು ಹೇಳಿದರು. ಹಾಗೆಯೇ ಮಾಡಿದೆವು, ರೋಗ ಹೋಯಿತು. ಆದರೆ ಅದನ್ನು ಮರಳಿ ನಡೆಯಿಸಲು ಮರೆತೆವು. ಮೂರು ವಾರಗಳ ಮೇಲೆ ಹೊಸ ಪ್ರಿಂಟರಿನ ಡ್ರೈವರನ್ನು ಹಾಕಿದ ದಿನ ಯಂತ್ರವು ಏಳಲಿಲ್ಲ. ಹಿಂದಿರುಗೋಣವೆಂದರೆ ಗುರುತು ಒಂದೂ ಇಲ್ಲ! ವ್ಯಾಕರಣದಲ್ಲಾದರೋ ಪ್ರತ್ಯಯವು ಲೋಪವಾದರೂ ಅದರ ಕಾರ್ಯ ಉಳಿಯುವುದುಂಟು. ಇಲ್ಲಿ ಲೋಪವಾದುದು ಏನನ್ನೂ ಉಳಿಸಲಿಲ್ಲ. ದುರಸ್ತಿಗೆ ಬಂದಾತನು ಯಂತ್ರದೊಡನೆ ಬಂದಿದ್ದ ರಿಕವರಿ ಸೀಡಿಯನ್ನು ಹಾಕಿದನು. ಅದು ಡಿಸ್ಕನ್ನೆಲ್ಲ ಅಳಿಸಿ ಹೊಸದು ಮಾಡಿತು. ಬೇಡವೆನ್ನಲು ನಾವೂ ಬಾಯಿ ತೆರೆಯಲಿಲ್ಲ.

ಆ ಡಿಸ್ಕಿನಲ್ಲಿ ನಮ್ಮ ತಾಯಿಯವರು ಹೇಳಿ ನಾವು ಬೆರಳಚ್ಚು ಮಾಡಿದ್ದ ಹಸೆಯ ಹಾಡುಗಳು ಅರುವತ್ತಕ್ಕೂ ಮೇಲಿದ್ದವು. “ಹೋಗಲಿ ಬಿಡಪ್ಪಾ, ಮತ್ತೆ ಹೇಳಿದರಾಯಿತು” ಎಂದರು ಅವರು. ಹೇಳಲು ಕುಳಿತೂ ಇದ್ದರು, ಮರುವರ್ಷವೇ ತೀರಿಕೊಂಡರು. ಮೊದಲೇ ಕಾಗದದ ಮೇಲೆ ಅಚ್ಚು ತೆಗೆದಿದ್ದ ಹನ್ನೊಂದು ಹಾಡುಗಳು ನಮ್ಮಲ್ಲಿವೆ.

ಆದುದರಿಂದ ಈ ಮಹಾಶಯರು ಬೇರೇನನ್ನೂ ಮುಟ್ಟುವ ಮೊದಲು ಮನೆಯವರ ಬರೆಹಗಳನ್ನೂ ಚಿತ್ರಗಳನ್ನೂ ಹೊರಗೆ, ಸೀಡಿಯ ಮೇಲೋ ಪೆನ್‌ಡ್ರೈವಿನಲ್ಲೋ ಪ್ರತಿ ತೆಗೆದಿಡತಕ್ಕದ್ದು. ಕೊರತೆ ಬರಿಯ ಸ್ಥಳದ್ದಾದರೆ ರಿಸ್ಟೋರನ್ನು ಪೂರ್ತಿ ತೆಗೆಯುವ ಅವಶ್ಯಕತೆಯೇ ಇಲ್ಲ. ‘ಮೈ ಕಂಪ್ಯೂಟರ್’ ಮೇಲೆ ಮೌಸಿನ ಬಲಗುಂಡಿಯನ್ನೊತ್ತಿ ‘ಪ್ರಾಪರ್ಟೀಸ್’ ತೆರೆದರೆ ‘ಸಿಸ್ಟಮ್ ರಿಸ್ಟೋರ್’ ಎಂಬ ಪುಟ ಸಿಕ್ಕುವುದು. ಅಲ್ಲಿ ಅದಕ್ಕೆ ಕೊಟ್ಟ ಪಾಲನ್ನು ತಗ್ಗಿಸಬಹುದು. ‘ಡಿಸ್ಕ್ ಕ್ಲೀನಪ್’ನ ‘ಮೋರ್ ಆಪ್ಷನ್ಸ್’ ಪುಟದಲ್ಲಿ ತೀರ ಈಚಿನ ಗುರುತೊಂದನ್ನು ಉಳಿಸಿ ಹಳೆಯವನ್ನೆಲ್ಲ ಅಳಿಸುವ ಅನುಕೂಲವೂ ಉಂಟು. ಮಿತವ್ಯಯಿಗಳಿಗೆ ಇಷ್ಟೇ ಸಾಕು.

ವೈರಸ್ಸಿನ ಕಾಟವಿದ್ದರೆ ಮಾತ್ರ ಅದೇ ಪುಟದಲ್ಲಿ ‘ಟರ್ನ್ ಆಫ್ ಸಿಸ್ಟಮ್ ರಿಸ್ಟೋರ್’ ಎಂಬಲ್ಲಿ ಗುರುತು ಹಾಕಬೇಕು. ಹಾಕಿದೊಡನೆ ಹಳೆಯ ಗುರುತುಗಳೆಲ್ಲ ಒಮ್ಮೆಗೇ ಹೋಗುವುವು, ಮರಳಿ ಬಾರವು. ತೊಳೆದಾದ ಮೇಲೆ ಅದೇ ದಿನ ಆ ಗುರುತನ್ನು ತೆಗೆದು ಹೊಸ ರಿಸ್ಟೋರ್ ಪಾಯಿಂಟೊಂದನ್ನು ಮಾಡಿಸಿಡಬೇಕು. ಇದಕ್ಕೆ ಡಿಸ್ಕಿನಲ್ಲಿ 200 ಮೆಗಾಬೈಟಾದರೂ ಬರಿದಾಗಿರಬೇಕು. ಕೆಲವರು ವಿಂಡೋಸನ್ನು ಹಾಕುವ ಮೊದಲೇ ಅದರಿಂದ ಈ ಅಂಗವನ್ನು ಕತ್ತರಿಸಿಬಿಡುವರು; ಆ ಸಾಹಸ ಗೃಹಸ್ಥರಿಗೆ ಬೇಡ.

ಎಕ್ಸ್‌ಪಿಗೆ ತಯಾರಕರ ಬೆಂಬಲವು 2014ರ ಏಪ್ರಿಲ್ 8ರಂದೇ ನಿಂತುಹೋಯಿತು. ಈ ಯಂತ್ರಕ್ಕೆ ಇಂಟರ್‌ನೆಟ್ಟಿನ ತಂತಿಯನ್ನು ಜೋಡಿಸಿದ್ದರೆ ಮಹಾಶಯರು ಮೊದಲು ಅದನ್ನು ಬಿಚ್ಚಿಡಲಿ.