ಪಂಚಾಂಗವೂ ಹಿಮವೂ

ಜೂನ್ ತಿಂಗಳೆಂದರೆ ನಮಗೆ ಮುಂಗಾರಿನ ನೆನಪು. ಯುರೋಪಿನವರಿಗೆ ಅದು ಬೇಸಿಗೆಯ ಮೊದಲ ತಿಂಗಳು. ಆಲ್ಪ್ಸ್ ಪರ್ವತಗಳ ತಪ್ಪಲಿನ ಹಳ್ಳಿಗಳಲ್ಲಿ ಆಗ ಹುಲ್ಲುಗಾವಲುಗಳೆಲ್ಲ ಹೂವಿನಿಂದ ತುಂಬಿರುತ್ತವೆ. ಮೇಯುವ ದನಗಳ ಕೊರಳ ಗಂಟೆಯ ನಾದ ದೂರದಿಂದಲೇ ಕೇಳಿಬರುತ್ತದೆ. ಅಲ್ಲಿ ನಿಂತು ನೋಡುವವನಿಗೆ ಚಳಿಗಾಲವು ಮುಗಿದೇಹೋಯಿತೆಂದು ತೋರಿದರೆ ಆಶ್ಚರ್ಯವಿಲ್ಲ. ಆದರೆ ಅಲ್ಲಿಂದ ಒಂದು ಸಾವಿರ ಮೀಟರು ಮೇಲೇರಿದರೆ ಉಷ್ಣತೆಯು ಸುಮಾರು 6 ಡಿಗ್ರಿಯಷ್ಟು ಇಳಿಯುತ್ತದೆ. ಕೆಳಗೆ ಬೇಸಿಗೆ ಬಂದಿರುವಾಗ ಮೇಲೆ ವಸಂತವಿನ್ನೂ ಬಾಗಿಲ ಹೊರಗೇ ನಿಂತಿರುತ್ತದೆ.

ಈ ಪರ್ವತಗಳಲ್ಲಿ ದಿನವೆಲ್ಲ ನಡೆದು, ರಾತ್ರಿ ಒಂದು ತಂಗುಮನೆಯಲ್ಲಿ ಮಲಗಿ, ಮರುದಿನ ಮತ್ತೊಂದು ತಂಗುಮನೆಗೆ ಸಾಗುವ ಪದ್ಧತಿ ಬಹುಕಾಲದಿಂದ ಬಂದಿದೆ. ಜಿನೀವಾದ ವಿಜ್ಞಾನಿ ಸೋಸ್ಯೂರ್ 1767ರಲ್ಲಿಯೇ ಮಾಂಟ್ ಬ್ಲಾಂಕ್ ಪರ್ವತವನ್ನು ಸುತ್ತಿಬಂದನು. ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್ ಎಂಬ ಮೂರು ದೇಶಗಳನ್ನು ಮುಟ್ಟುವ, ಸುಮಾರು 170 ಕಿಲೋಮೀಟರು ಉದ್ದದ ಆ ಪ್ರದಕ್ಷಿಣೆಯ ಹಾದಿಯನ್ನು ಇಂದು ಹತ್ತು ಹನ್ನೊಂದು ದಿನಗಳಲ್ಲಿ ಮುಗಿಸುವವರು ಬಹಳ ಮಂದಿ. ಎರಡು ಶಿಖರಗಳ ನಡುವೆ ಏಣು ತಗ್ಗಾದ ಕಡೆಯಲ್ಲಿ ಹಾದಿಯು ಒಂದು ಕಣಿವೆಯಿಂದ ಇನ್ನೊಂದು ಕಣಿವೆಗೆ ದಾಟುತ್ತದೆ. ಅಂಥ ಸ್ಥಳವನ್ನು ಇಲ್ಲಿ ಕಂಡಿ ಎಂದು ಕರೆಯೋಣ. ಈ ಹಾದಿಯ ಕಂಡಿಗಳಲ್ಲಿ ಕೆಲವು 2,500 ಮೀಟರಿಗಿಂತಲೂ ಎತ್ತರದಲ್ಲಿವೆ. ಎತ್ತರದ ತಂಗುಮನೆಗಳಲ್ಲಿ ಹೆಚ್ಚಿನವು ಜೂನ್ ನಡುವಿನಲ್ಲಿ ಬಾಗಿಲು ತೆರೆದು ಸೆಪ್ಟೆಂಬರಿನಲ್ಲಿ ಮುಚ್ಚುತ್ತವೆ.

ತೊಡಕು ಹುಟ್ಟುವುದು ಇಲ್ಲಿಯೇ. ಬಾಗಿಲು ತೆರೆದ ದಿನವೇ ಹಾದಿಯೂ ತೆರೆಯಿತೆಂದು ಪ್ರವಾಸಿಯು ಭಾವಿಸುತ್ತಾನೆ. ತಿಂಗಳುಗಳ ಮೊದಲೇ ರಜೆ ಬರೆದುಕೊಟ್ಟಿದ್ದಾನೆ, ಹಾಸಿಗೆಗೆ ಹಣ ಕಟ್ಟಿದ್ದಾನೆ. ದಿನಾಂಕ ಹೇಗೆ ತಪ್ಪೀತು? ಆದರೆ ಹಿಮವು ನಮ್ಮ ಪಂಚಾಂಗವನ್ನು ಓದಿಲ್ಲ. 2022ರಲ್ಲಿ ಆಲ್ಪ್ಸಿನಲ್ಲಿ ಚಳಿಗಾಲದ ಹಿಮವು ತೀರ ಕಡಿಮೆಯಾಗಿ, ಬೇಸಿಗೆಯ ಬಿಸಿಲಿಗೆ ಸ್ವಿಟ್ಜರ್ಲೆಂಡಿನ ಹಿಮನದಿಗಳು ಒಂದೇ ವರ್ಷದಲ್ಲಿ ತಮ್ಮ ಗಾತ್ರದ ಶೇಕಡಾ 6ರಷ್ಟನ್ನು ಕಳೆದುಕೊಂಡವು. ಎರಡೇ ವರ್ಷಗಳ ಬಳಿಕ, 2024ರ ವಸಂತದಲ್ಲಿ, ಅಲ್ಲಿನ ಎತ್ತರದ ಸ್ಥಳಗಳಲ್ಲಿ ವಾಡಿಕೆಗಿಂತ ಹೆಚ್ಚು ಹಿಮವಿತ್ತು. ಒಂದೇ ದಿನಾಂಕ, ಒಂದೇ ಹಾದಿ. ಆದರೂ ಎರಡು ಬೇರೆ ಬೇರೆ ಪರ್ವತಗಳು. ಭೂಮಿ ಬಿಸಿಯಾಗುತ್ತಿದೆ, ಇನ್ನೇನು ಹಿಮದ ಭಯವಿಲ್ಲ ಎಂದು ಲೆಕ್ಕ ಹಾಕುವವರು ಇದನ್ನು ಗಮನಿಸಬೇಕು.

ಹಿಮವನ್ನೇ ಕಾಣದ ನಮಗೆ ಅದು ಹತ್ತಿಯಂತೆ ಮೃದುವಾದುದೆಂಬ ಕಲ್ಪನೆಯುಂಟು. ಬೇಸಿಗೆಯ ಆರಂಭದ ಹಿಮ ಅಂಥದಲ್ಲ. ಹಗಲಿನ ಬಿಸಿಲಿಗೆ ಕರಗಿದ ಮೇಲ್ಪದರವು ರಾತ್ರಿ ಹೆಪ್ಪುಗಟ್ಟಿ ಬೆಳಗಿನ ಜಾವಕ್ಕೆ ಕಲ್ಲಿನಂತಾಗಿರುತ್ತದೆ; ಬೂಟಿನ ತುದಿ ಅದರಲ್ಲಿ ಇಳಿಯದು. ಮಧ್ಯಾಹ್ನವಾದರೆ ಅದೇ ಹಿಮವು ಅಂಬಲಿಯಂತಾಗಿ, ಕಾಲು ತೊಡೆಯವರೆಗೆ ಹೂತುಹೋಗುತ್ತದೆ. ಅದರಡಿಯಲ್ಲಿ ತೊರೆ ಹರಿಯುತ್ತಿದ್ದರೆ ಮೇಲಿನ ಪದರವು ತೆಳುವಾದ ಸೇತುವೆಯಷ್ಟೇ. ಬಿಸಿಲು ಕಾಣದ ಉತ್ತರದ ಇಳಿಜಾರುಗಳಲ್ಲಿ ಅದು ಜುಲೈ ತಿಂಗಳಲ್ಲಿಯೂ ಉಳಿದಿರುವುದುಂಟು. ಎಲ್ಲಕ್ಕಿಂತ ಮೋಸಗಾರನೆಂದರೆ ಕಡಿದಾದ ಕೊರಕಲಿನಲ್ಲಿ ಉಳಿದ ಕಿರಿದಾದ ಹಿಮಪಟ್ಟಿ. ದಿನವಿಡೀ ಹುಲ್ಲಿನ ಮೇಲೆಯೇ ನಡೆದುಬಂದವನಿಗೆ ಮೂವತ್ತು ಹೆಜ್ಜೆಯ ಆ ಪಟ್ಟಿ ಯಾವ ಲೆಕ್ಕ? ಕಾಲುದಾರಿಯು ಮಾತ್ರ ಅಲ್ಲಿ ಅಳಿಸಿಹೋಗಿರುತ್ತದೆ. ಜಾರಿದವನನ್ನು ತಡೆಯಲು ಕೆಳಗಿನ ಬಂಡೆಗಳ ಹೊರತು ಮತ್ತೇನೂ ಇರುವುದಿಲ್ಲ. ಬೂಟಿಗೆ ಕಟ್ಟುವ ಉಕ್ಕಿನ ಮುಳ್ಳುಗಳೂ ಹಿಮಗೊಡಲಿಯೂ ಅಂಗಡಿಯಲ್ಲಿ ದೊರೆಯುತ್ತವೆ ನಿಜ. ಅವುಗಳನ್ನು ಬಳಸುವ ಅಭ್ಯಾಸ ದೊರೆಯುವುದಿಲ್ಲ.

ಕೆಲವು ವರ್ಷಗಳ ಹಿಂದೆ ನಾನು ಜಿನೀವಾದಲ್ಲಿ ಮಗಳ ಮನೆಯಲ್ಲಿದ್ದಾಗ, ಜೂನ್ ಎರಡನೆಯ ವಾರದಲ್ಲಿ ಅಳಿಯನೊಡನೆ ಇದೇ ಹಾದಿಯ ಒಂದು ಭಾಗವನ್ನು ನಡೆಯಹೊರಟೆ. 2,329 ಮೀಟರು ಎತ್ತರದ ಬೋನೋಮ್ ಕಂಡಿಯನ್ನು ದಾಟಿ ಆಚೆಯ ತಂಗುಮನೆಯನ್ನು ಸೇರುವುದು ನಮ್ಮ ಸಂಕಲ್ಪ. ಕೆಳಗಿನ ತಂಗುಮನೆಯ ಪಾರುಪತ್ಯಗಾರನು, “ಕಂಡಿಯವರೆಗೆ ಹೋಗಿ ನೋಡಿಬನ್ನಿ, ಅದರಾಚೆಗೆ ಬೇಡ” ಎಂದು ಹೇಳಿದನು. ಕಂಡಿಯನ್ನು ಮುಟ್ಟಿದಾಗ ಅವನ ಮಾತಿನ ಅರ್ಥ ತಿಳಿಯಿತು. ಹಾದಿಯು ಬೆಟ್ಟದ ಪಕ್ಕೆಯನ್ನು ಅಡ್ಡಹಾಯುವಲ್ಲಿ ಒಂದು ಕೊರಕಲು ಬೆಳ್ಳಗೆ ತುಂಬಿಕೊಂಡಿತ್ತು.

“ಮಾವ, ಹೆಜ್ಜೆಗುರುತುಗಳಿವೆಯಲ್ಲ! ಯಾರೋ ದಾಟಿದ್ದಾರೆ” ಎಂದನು ಅಳಿಯ.

“ಯಾವ ಹೊತ್ತಿನಲ್ಲಿ ದಾಟಿದರಪ್ಪ? ಅವರ ಕೈಯಲ್ಲಿ ಏನಿತ್ತು? ಗುರುತು ಅದನ್ನು ಹೇಳುವುದಿಲ್ಲ” ಎಂದೆ.

ಅವನು ಮರುಮಾತಾಡಲಿಲ್ಲ, ಸಂಜೆಯವರೆಗೂ ಮಾತಾಡಲಿಲ್ಲವೆಂದರೂ ಸರಿಯೆ. ಕಟ್ಟಿದ ಹಣ ಹೋಯಿತು. ಹಿಂತಿರುಗುವಾಗ ನನ್ನ ಮನಸ್ಸೂ ಹಗುರವಾಗಿರಲಿಲ್ಲ. ಹೆದರಿದೆನೋ ವಿವೇಕದಿಂದ ನಡೆದೆನೋ ಎಂಬ ಸಂದೇಹ ಕಾಡುತ್ತಲೇ ಇತ್ತು.

ಅಪಾಯವಿಲ್ಲದ ಪರ್ವತಾರೋಹಣದಲ್ಲಿ ಸಾಹಸವೆಲ್ಲಿ ಬಂತು ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಪರ್ವತಗಳ ಜ್ಞಾನವೆಲ್ಲ ಸಾಹಸಿಗಳಿಂದಲೇ ಬಂದುದು. ಆದರೆ ಜಾರಿಬಿದ್ದವನನ್ನು ಹುಡುಕಲು ಅದೇ ಹಿಮದ ಮೇಲೆ ಮತ್ತೊಬ್ಬರು ಇಳಿಯಬೇಕಲ್ಲವೇ? ಇದೇ ಸೀಮೆಯ 2,469 ಮೀಟರು ಎತ್ತರದ ಸೇಂಟ್ ಬರ್ನಾರ್ಡ್ ಕಂಡಿಯಲ್ಲಿ ಹನ್ನೊಂದನೆಯ ಶತಮಾನದಲ್ಲಿ ಸ್ಥಾಪನೆಯಾದ ಧರ್ಮಶಾಲೆಯೊಂದಿದೆ. ಅಲ್ಲಿನ ಸನ್ಯಾಸಿಗಳು ಹಿಮದಲ್ಲಿ ದಾರಿತಪ್ಪಿದ ಪಥಿಕರನ್ನು ಹುಡುಕಲು ನಾಯಿಗಳೊಡನೆ ಹೊರಡುತ್ತಿದ್ದರು. ಇಂದು ಆ ಕೆಲಸಕ್ಕೆ ಹೆಲಿಕಾಪ್ಟರುಗಳಿವೆ. ಅವುಗಳಲ್ಲಿ ಕುಳಿತವರೂ ಮನೆಮಂದಿಯುಳ್ಳವರೇ. ನನ್ನ ಪ್ರಾಣವನ್ನು ನಾನು ಪಣಕ್ಕಿಡಬಹುದು. ಅವರ ಪ್ರಾಣವನ್ನೂ ಕೇಳದೆಯೇ ಅದರ ಜೊತೆಗಿಡುವುದು ಯಾವ ಶೌರ್ಯವೋ ನಾನರಿಯೆ. ಹಿಂದಿನ ಸಂಜೆ ಮುಂದಿನ ತಂಗುಮನೆಗೆ ದೂರವಾಣಿ ಮಾಡಿ “ಕಂಡಿ ಹೇಗಿದೆ?” ಎಂದು ಕೇಳುವುದಕ್ಕೆ ಎರಡು ನಿಮಿಷ ಸಾಕು. ಬಂದ ಉತ್ತರಕ್ಕೆ ತಕ್ಕಂತೆ ಯಾತ್ರೆಯನ್ನು ಬದಲಿಸುವ ಮನಸ್ಸಿರಬೇಕು, ಅಷ್ಟೆ.

ಮರುವರ್ಷ ಆಗಸ್ಟಿನಲ್ಲಿ ಅಳಿಯನೊಬ್ಬನೇ ಹೋಗಿ ಆ ಹಾದಿಯನ್ನು ದಾಟಿದನು. ನಾವು ನಿಂತು ನೋಡಿದ್ದ ಕೊರಕಲಿನಲ್ಲಿ ಆಗ ಬರಿಯ ಕಲ್ಲುಗಳಿದ್ದುವಂತೆ. ಅವುಗಳ ನಡುವೆ ಅಂಗೈಯಗಲದ ನೀರು ಹರಿಯುತ್ತಿತ್ತಂತೆ. ಒಂದೇ ಹೆಜ್ಜೆಗೆ ದಾಟಿದೆನೆಂದು ಬರೆದಿದ್ದನು.